ತೇಗದ ಬೀಜದ ತೊಟ್ಟಿ

ಹಸಿ ಸಗಣಿಯನ್ನು ನೀರಿನಲ್ಲಿ ಕದಡಿ ಮೂರು ದಿನ ಬಿಟ್ಟರೆ ಎಂಥ ನಾತ ಬರುತ್ತದೆ ಎಂಬುದು ಮಹಾಪೆಯ ಸಸಿಗಳ ನರ್ಸರಿಗೆ ಲೆಕ್ಕ ಬರೆಯುವ ಕೆಲಸಕ್ಕೆ ಸೇರುವವರೆಗೆ ನನಗೆ ಗೊತ್ತಿರಲಿಲ್ಲ. ನಾನು ಠಾಣೆ ಶಹರದ ಉಡುಪಿ ಹೋಟೆಲಿನವರ ಮಗಳು. ಗಿರಾಕಿ ಬರುವ ಮುಂಚೆ ನೆಲಕ್ಕೆ ಫಿನಾಯಿಲ್ ಬೀಳಬೇಕು, ಹೋದ ಮೇಲೆ ಇನ್ನೊಮ್ಮೆ ಬೀಳಬೇಕು. ನಮ್ಮ ಮಡಿಯೆಲ್ಲ ಅದರಲ್ಲೇ. ಅಂಥವಳ ಟೇಬಲ್ಲಿನಿಂದ ಹತ್ತು ಹೆಜ್ಜೆಗೆ ಆ ಸಗಣಿ ನೀರಿನ ತೊಟ್ಟಿ.

ತೊಟ್ಟಿಯಲ್ಲಿ ತೇಗದ ಬೀಜ. ಅದರ ಸಿಪ್ಪೆ ಬಲು ಗಟ್ಟಿ. ಹಾಗೇ ಬಿತ್ತಿದರೆ ಕೆಲವು ಈ ಮಳೆಗೆ, ಕೆಲವು ಮುಂದಿನ ಮಳೆಗೆ, ಎಷ್ಟೋ ಎಂದಿಗೂ ಮೊಳೆಯುವುದಿಲ್ಲ. ರಾತ್ರಿ ಸಗಣಿ ನೀರಿನಲ್ಲಿ ನೆನೆಸಿ, ಹಗಲು ಗೋಣಿಯ ಮೇಲೆ ಬಿಸಿಲಿಗೆ ಹರಡಿ, ಹತ್ತು ದಿನ ಹೀಗೇ ಮಾಡಿದರೆ ಸಿಪ್ಪೆ ಸಡಿಲವಾಗುತ್ತದೆ. ಇದನ್ನು ಮಾಡುತ್ತಿದ್ದವಳು ಪಕ್ಕದ ಊರು ಕಳವಾದಿಂದ ಬಸ್ಸಿನಲ್ಲಿ ಬರುತ್ತಿದ್ದ, ವಿಜಯಪುರದ ಕಡೆಯ ಹೆಂಗಸು. ಮೊಣಕೈವರೆಗೆ ಕೈ ಇಳಿಸಿ ಕದಡುವಳು. ಆಮೇಲೆ ಕೈ ತೊಳೆದು ಅಲ್ಲೇ ಕೂತು ರೊಟ್ಟಿ ಮುರಿಯುವಳು. ಅವಳ ಬಳೆಗಳ ಸಂದಿಯಲ್ಲಿ ಅಂಟಿದ ಹಸಿರು ಕಂಡರೆ ನಾನು ನನ್ನ ಡಬ್ಬಿ ಮುಚ್ಚಿ ಅತ್ತ ತಿರುಗಿ ಕೂರುತ್ತಿದ್ದೆ.

ಆ ವರ್ಷ ಮಾಲೀಕರು ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದ್ದರು: "ಇಸ್ ಬಾರ್ ಆಧಾ ಬೆಡ್ ಭೀ ನಹೀ ಉಗಾ, ತೋ ಬೀಜ್ ಕಾ ಕಾಮ್ ಬಂದ್. ಪೌಧಾ ರೆಡಿಮೇಡ್ ಲಾಯೇಂಗೆ."

ಈ ಸಲ ಅರ್ಧ ಪಾತಿಯೂ ಮೊಳೆಯದಿದ್ದರೆ ಬೆಳೆದ ಸಸಿಗಳನ್ನೇ ಕೊಂಡು ತರುವುದಂತೆ. ಬೀಜದ ಕೆಲಸ ಬಂದ್ ಎಂದರೆ ಅವಳ ಕೆಲಸ ಬಂದ್. ನನ್ನ ಟೇಬಲ್ಲಿಗೆ ಏನೂ ಆಗುತ್ತಿರಲಿಲ್ಲ.

ಆರನೇ ದಿನ ಸಂಜೆ ಅವಳು ಬೀಜವನ್ನು ತೊಟ್ಟಿಗಿಳಿಸಿ ಬಸ್ಸಿಗೆ ಹೋದಳು. ನಾನು ಬಗ್ಗಿ ನೋಡಿದೆ. ನೊರೆ, ನೊರೆಯ ಮೇಲೆ ನೊಣ, ಅಂಚಿನಲ್ಲಿ ಬಿಳಿ ಹುಳ. ಕಕ್ಕಸಿಗೆಂದು ಇಟ್ಟಿದ್ದ ಫಿನಾಯಿಲ್ ಕ್ಯಾನು ಎತ್ತಿಕೊಂಡೆ. ಒಂದು ಮುಚ್ಚಳ ಸಾಕೆಂದುಕೊಂಡವಳು ನೀರು ಬೆಳ್ಳಗಾಗುವವರೆಗೆ ಸುರಿದೆ. ಕ್ಲೀನಾಗಿದ್ದರೆ ಬೀಜಕ್ಕೂ ಒಳ್ಳೆಯದೇ ಎಂದು ನಿಜವಾಗಿಯೂ ನಂಬಿದ್ದೆ. ಇಷ್ಟು ಓದಿದವಳು!

ಮರುದಿನ ಅವಳು ಬಂದು ಆ ನೀರು ಚೆಲ್ಲಿದಳು, ಬೀಜವನ್ನು ಮೂರು ಸಲ ತೊಳೆದಳು, ಹೊಸ ಸಗಣಿ ಕದಡಿದಳು. ಎಂದಿನಂತೆ ಬೀಜವನ್ನು ಗೋಣಿಯ ಮೇಲೆ ಹರಡಿದಳು.

ಬಿತ್ತಿ ತಿಂಗಳು ದಾಟಿದರೂ ಪಾತಿ ಬೋಳಾಗಿಯೇ ಇತ್ತು. ಮಾಲೀಕರು ಒಂದು ಬೀಜ ಕೆದಕಿ ಒಡೆಸಿದರು, ಒಳಗೆ ಕಪ್ಪು. ಇವಳು ಹೆಚ್ಚು ನೆನೆಸಿ ಕೊಳೆಸಿದ್ದಾಳೆ ಎಂದು ಅವಳ ಎದುರಿಗೇ ಕೂಗಾಡಿ, ನನ್ನ ಕಡೆ ತಿರುಗಿ "ಹೈ ನಾ?" ಎಂದು ಒಪ್ಪಿಗೆ ಕೇಳಿದರು.

"ಹಾಂ ಜೀ" ಎಂದೆ. ಥೂ, ಆ ದನಿ ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅವಳನ್ನು ಕೆಲಸದಿಂದ ತೆಗೆದರು. ಕೊನೆಯ ದಿನ ಅವಳು ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ನಾನು ಹತ್ತಿರ ಹೋಗಿ ನಿಂತೆ. ಅವಳೇ ಹೇಳಿದಳು: "ಮರುದಿನಾನ ಫಿನಾಯಿಲ್ ನಾತ ಬಡದಿತ್ರಿ ಅಕ್ಕೋರ. ನನಗ ಗೊತ್ತಿತ್ತು."

"ಮತ್ತೆ ಅವರಿಗೆ ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರಿ ಅಂತ ಕಾದೆ."

ಸೆರಗಿಗೆ ಕೈ ಒರೆಸಿಕೊಂಡು ಡಬ್ಬಿಯ ಚೀಲ ತೆಗೆದುಕೊಂಡಳು. ಅವಳ ಬಸ್ಸು ಹೋಗುವವರೆಗೂ ನಾನು ನಲ್ಲಿಯ ಹತ್ತಿರವೇ ನಿಂತಿದ್ದೆ. ಆಗಲೂ ಒಳಗೆ ಹೋಗಿ ಮಾಲೀಕರಿಗೆ ಹೇಳಲಿಲ್ಲ.