ಕೈಗನ್ನಡಿ ಹಿಡಿಯದ ದಿನ

ಪೆಟ್ಟಾಗಿದ್ದು ಚಾಚಾನ ಬಲಗೈಗೋ ಎಡಗೈಗೋ ಎಂಬುದು ನನಗೆ ಖಚಿತವಿರಲಿಲ್ಲ. ಇಷ್ಟು ವರ್ಷ ಎಡಗೈ ಎಂದೇ ಹೇಳುತ್ತ ಬಂದೆ. ಧಾರವಾಡದ ಹಾಸ್ಟೆಲ್ಲಿನಲ್ಲಿ ಗೆಳೆಯರಿಗೆ ಹಾಗೇ ಹೇಳಿದೆ, ಮದುವೆಯಾದ ಮೇಲೆ ಹೆಂಡತಿಗೂ ಹಾಗೇ ಹೇಳಿದೆ. ಸಾಕ್ಷಿಯಿಲ್ಲದ್ದನ್ನು ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನು ನಾನು. ಆದರೆ ಆ ಕಲಿಕೆಯನ್ನು ಬೇರೆಯವರ ಮಾತಿನ ಮೇಲೆ ಪ್ರಯೋಗಿಸಿದ್ದೇ ಹೆಚ್ಚು...

ಈ ಮಳೆಗಾಲಕ್ಕೆ ಮುಂಚೆ ಹಳಿಯಾಳದಲ್ಲಿ ಅಣ್ಣನನ್ನು ಸಲೂನಿಗೆ ಕರೆದುಕೊಂಡು ಹೋಗಿದ್ದೆ. ಮೊಣಕಾಲು ನೋವಿನಿಂದ ಅವನೀಗ ಒಬ್ಬನೇ ಹೊರಗೆ ಹೋಗುವುದಿಲ್ಲ. ಕಟಿಂಗ್ ಮುಗಿಸಿದ ಸಲೂನಿನವನು ಒದ್ದೆ ಪಟಿಕದ ಗಡ್ಡೆಯನ್ನು ಅಣ್ಣನ ಕೆನ್ನೆಗೆ ಉಜ್ಜಿ, ಮೊಳೆಗೆ ನೇತುಹಾಕಿದ್ದ ಕೈಗನ್ನಡಿ ತೆಗೆದು ಅವನ ತಲೆಯ ಹಿಂದೆ ಹಿಡಿದ. ಅದರಲ್ಲಿ ಒಂದು ಬಿಳಿ ಗೆರೆ ಕಂಡಿತು. ಕೂದಲು ಬೆಳೆಯದ, ಬೆರಳುದ್ದದ ಗೆರೆ. ನನಗೆ ಚಾಚಾ ನೆನಪಾದರು.

ದಾಂಡೇಲಿಯಲ್ಲಿ ಮಿಲ್ಲಿನ ಕಡೆ ಹೋಗುವ ರಸ್ತೆಯಲ್ಲಿ ಅವರ ಕ್ಷೌರದ ಅಂಗಡಿ. ಒಂದು ಮರದ ಕುರ್ಚಿ, ಒಂದು ಬೆಂಚು, ಕಬ್ಬಿಣದ ಶಟರ್. ನಾವೆಲ್ಲ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದೆವು. ನೊರೆ ಹಚ್ಚಿದ ಮೇಲೆ ಗಡ್ಡ ಮೆತ್ತಗಾಗುವವರೆಗೆ ಅವರು ಸುಮ್ಮನೆ ಕಾಯುತ್ತಿದ್ದರು. ಕತ್ತಿಯನ್ನು ತೊಗಲಿನ ಪಟ್ಟಿಯ ಮೇಲೆ ಎರಡೂ ಮಗ್ಗಲು ತೀಡಿ, ತಮ್ಮ ಮುಂಗೈಯ ಕೂದಲ ಮೇಲೆ ಒಮ್ಮೆ ಆಡಿಸಿ ನೋಡುತ್ತಿದ್ದರು. ಎಡಗೈ ಹೆಬ್ಬೆರಳಿನಿಂದ ಕೆನ್ನೆಯ ಚರ್ಮವನ್ನು ಮೇಲಕ್ಕೆಳೆದು ಹಿಡಿದು, ಬಲಗೈಯಿಂದ ಕತ್ತಿ ಇಳಿಸುತ್ತಿದ್ದರು. ಗಂಟಲಿನ ಗಂಟಿಗೆ ಬಂದಾಗ ‘ನುಂಗು’ ಎನ್ನುತ್ತಿದ್ದರು. ಉಗುಳು ನುಂಗಿ ಗಂಟು ಮೇಲೇರಿ ಇಳಿಯುವಷ್ಟರಲ್ಲಿ ಕತ್ತಿ ಅಲ್ಲಿಂದ ದಾಟಿ ಹೋಗಿರುತ್ತಿತ್ತು. ಅವರ ಕೈಯಲ್ಲಿ ನನಗೆ ಒಂದು ಸಲವೂ ರಕ್ತ ಬಂದಿಲ್ಲ.

ಕೊನೆಗೆ ಕೈಗನ್ನಡಿ. ತಲೆಯ ಹಿಂದೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹಿಡಿಯುತ್ತಿದ್ದರು. ಗಿರಾಕಿ ನೋಡಿ ತಲೆಯಾಡಿಸುವವರೆಗೆ ಕುತ್ತಿಗೆಯ ಬಟ್ಟೆ ಬಿಚ್ಚುತ್ತಿರಲಿಲ್ಲ.

“ಮಾರಿ ನೋಡಿ ಗುರುತ ಹಿಡಿಯೂದು ಪೊಲೀಸರ ಕೆಲಸ,” ಎನ್ನುತ್ತಿದ್ದರು. “ನಾ ಹಿಂದಿನಿಂದ ಹಿಡಿತೇನಿ.”

“ನನ್ನ ಹೆಂಡ್ತಿ ಹಿಂದಿನಿಂದ ನನ್ನ ಗುರುತ ಹಿಡಿಯೂದಿಲ್ಲ ಚಾಚಾ,” ಎಂದಿದ್ದ ಒಮ್ಮೆ ಬೆಂಚಿನ ಮೇಲಿದ್ದ ಮಿಲ್ಲಿನವನೊಬ್ಬ.

“ಮುಂದಿನಿಂದ ನೋಡೇ ಅಕಿಗೆ ಸಾಕಾಗೇತೇಳು.”

ನಾನು ಎಂ.ಎ. ಮೊದಲ ವರ್ಷದ ರಜೆಗೆ ಊರಿಗೆ ಬಂದಿದ್ದೆ. ಅಣ್ಣ ಟೆಂಪೊ ಓಡಿಸುತ್ತಿದ್ದ. ಅದರಲ್ಲಿ ಏನೇನು ಹೋಗುತ್ತದೆಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಆ ವಾರ ಕುಳಗಿಯ ದಾರಿಯಲ್ಲಿ, ಹೊತ್ತು ಮುಳುಗುವ ಮುಂಚೆ, ಕದ್ದು ಸಾಗಿಸುತ್ತಿದ್ದ ಸಾಗವಾನಿ ತುಂಡುಗಳನ್ನು ತಡೆದ ಕಾಡಿನ ವಾಚರ್ ಒಬ್ಬನನ್ನು ಮೂವರು ಸೇರಿ ಹೊಡೆದರು. ಕಬ್ಬಿಣದ ರಾಡಿನಿಂದ ಮೊಣಕಾಲಿಗೆ ಹೊಡೆದು ಬೀಳಿಸಿದರು. ಬಿದ್ದ ಮೇಲೆ ಮುಖಕ್ಕೆ ಒದ್ದರು, ಅವನು ಕೂಗುವುದನ್ನು ನಿಲ್ಲಿಸಿದ ಮೇಲೂ ಒದ್ದರು. ಒಂದು ಕಣ್ಣು ಹೋಯಿತು. ಮೂವರೂ ಮುಖಕ್ಕೆ ಟವೆಲ್ ಕಟ್ಟಿಕೊಂಡಿದ್ದರು. ವಾಚರ್ ಪೊಲೀಸರಿಗೆ ಒಂದೇ ಗುರುತು ಹೇಳಿದ: ಬೀಳುವ ಮೊದಲು ಒಬ್ಬನ ತಲೆಯ ಹಿಂಬದಿಗೆ ತಾನು ಟಾರ್ಚಿನಿಂದ ಹೊಡೆದಿದ್ದೆ, ಅಲ್ಲಿ ಒಡೆದಿತ್ತು. ಆಮೇಲೆ ಊರಲ್ಲಿ ಜನ ಒಬ್ಬರ ತಲೆಯ ಹಿಂಭಾಗವನ್ನು ಇನ್ನೊಬ್ಬರು ನೋಡತೊಡಗಿದರು.

ಆ ವಾಚರ್ ವಾರಕ್ಕೊಮ್ಮೆ ಚಾಚಾನ ಕುರ್ಚಿಯಲ್ಲಿ ಕೂರುತ್ತಿದ್ದವನು.

ಅಣ್ಣನ ದಿಂಬಿನ ಮೇಲೆ ಕಂದು ಕಲೆಯಿತ್ತು. ಆಗಲೇ ನನಗೆ ಎಲ್ಲ ತಿಳಿದಿತ್ತೇ? ತಿಳಿದಿರಲಿಲ್ಲ ಎಂದುಕೊಳ್ಳುವುದು ಸುಲಭ. ಆದರೆ ಅವ್ವನಿಗೆ ಕಾಣದಂತೆ ಆ ದಿಂಬಿನ ಚೀಲ ತೊಳೆದವನು ನಾನೇ.

ನಾಲ್ಕು ದಿನ ಕಳೆದಿತ್ತು. ಮರುದಿನ ಪಾಳಾಕ್ಕೆ ಹೆಣ್ಣು ನೋಡಲು ಹೋಗುವುದಿತ್ತು. “ಆ ಜಟಾ ಬಿಟ್ಕೊಂಡ ಹೋದ್ರ ಯಾರ ಹೆಣ್ಣ ಕೊಡ್ತಾರ ನಿನಗ?” ಎಂದು ಅವ್ವ ಬೆಳಗಿನಿಂದ ಬೆನ್ನು ಹತ್ತಿದ್ದಳು. ಅಣ್ಣನಿಗೆ ತಪ್ಪಿಸಿಕೊಳ್ಳಲು ಆಗಲಿಲ್ಲ. ಬೈಕಿನ ಹಿಂದೆ ನನ್ನನ್ನು ಕೂರಿಸಿಕೊಂಡು ಹೊರಟ.

“ಗಡ್ಡ ತಗೀರಿ, ಮುಂದಷ್ಟ ಸೆಟ್ ಮಾಡ್ರಿ ಚಾಚಾ. ಹಿಂದ ಕೈ ಹಚ್ಚಬ್ಯಾಡ್ರಿ.”

“ಹಿಂದ ಹಂಗ ಬಿಟ್ರ ನನ್ನ ಅಂಗಡಿ ಹೆಸರ ಕೆಡ್ತೈತಿ ಬೇಟಾ. ಒಂಚೂರು ಅಂಚ ಕಟ್ತೇನಿ, ಅಷ್ಟ. ತಲಿ ತೆಳಗ ಹಾಕು.”

ಅಣ್ಣ ಗದ್ದವನ್ನು ಎದೆಗೆ ಒತ್ತಿ ಕೂತ. ಕೈಮಷೀನು ಕಟಕಟ ಎನ್ನುತ್ತ ಕುತ್ತಿಗೆಯಿಂದ ಮೇಲೇರಿತು, ನಿಂತಿತು. ಚಾಚಾ ಬಾಚಣಿಗೆಯ ತುದಿಯಿಂದ ಕೂದಲನ್ನು ಸರಿಸಿ ನೋಡಿದರು. ಅವರು ನನ್ನ ಕಡೆ ತಿರುಗಿದರೆಂದು ನನ್ನ ನೆನಪು. ತಿರುಗಿರಲಿಕ್ಕಿಲ್ಲ... ಆಮೇಲೆ ಎಡಗೈಯಿಂದ ಅಣ್ಣನ ತಲೆಯನ್ನು ಇನ್ನಷ್ಟು ಕೆಳಗೆ ಒತ್ತಿದರು. ಮಷೀನು ಮತ್ತೆ ಶುರುವಾಯಿತು. ಕೆಲಸ ಮುಗಿದಾಗ ಬಟ್ಟೆ ಬಿಚ್ಚಿ ಝಾಡಿಸಿ, “ಆತು, ಏಳು,” ಎಂದರು.

ಕೈಗನ್ನಡಿ ಮೊಳೆಯ ಮೇಲೆಯೇ ಇತ್ತು.

ಬೈಕಿನಲ್ಲಿ ಅಣ್ಣನ ಹಿಂದೆ ಕೂತಾಗ ನಾನು ಕಂಡೆ. ಗಾಯದ ಸುತ್ತ ಒಂದು ಅಂಗೈ ಅಗಲ ಬೋಳು. ಅಂಚುಗಳನ್ನು ಚೊಕ್ಕವಾಗಿ ಕಟ್ಟಿದ್ದರು. ಒಣಗಿದ ಹೆಕ್ಕಳೆ ಕಪ್ಪಗೆ, ಅದರ ಸುತ್ತ ಬೂದು ಚರ್ಮ. ಎಷ್ಟು ನೀಟಾಗಿತ್ತೆಂದರೆ, ಅದನ್ನು ನೋಡದೆ ಯಾರೂ ದಾಟಿ ಹೋಗುವಂತಿರಲಿಲ್ಲ.

ಬ್ರಿಜ್ಜಿನ ಹತ್ತಿರದ ಪಾನಂಗಡಿಯಲ್ಲಿ ಯಾರೋ ಅಣ್ಣನಿಗೆ ಅದನ್ನು ಹೇಳಿದರು ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಅಣ್ಣ ಹಿಂದಕ್ಕೆ ಕೈ ಹಾಕಿ ಮುಟ್ಟಿಕೊಂಡ. ಬೈಕು ತಿರುಗಿಸಿದ.

ಚಾಚಾ ಶಟರ್ ಅರ್ಧ ಇಳಿಸಿ ನಮಾಜಿಗೆ ಹೊರಟಿದ್ದರು. ಅಣ್ಣ ಕೊರಳಪಟ್ಟಿ ಹಿಡಿದು ಅವರನ್ನು ಒಳಗೆ ನೂಕಿದ. ಗಾಜು ಒಡೆದ ಸದ್ದು.

“ಕನ್ನಡಿ ಯಾಕ ತೋರಿಸ್ಲಿಲ್ಲ ಮುದುಕಾ?”

“ಅದು ನೀ ನೋಡೂದಲ್ಲ. ಊರು ನೋಡೂದು.”

ಈ ಮಾತನ್ನು ಅವರು ಆಡಿದರೋ, ನಾನು ಆಮೇಲೆ ಅವರ ಬಾಯಿಗೆ ಹಾಕಿದೆನೋ ಹೇಳಲಾರೆ. ತೀರಾ ಒಪ್ಪವಾಗಿರುವ ಮಾತು, ಅದಕ್ಕೇ ಅನುಮಾನ. ಮುಂದಿನದರ ಬಗ್ಗೆ ಅನುಮಾನವಿಲ್ಲ. ಅಣ್ಣ ಅವರ ಹೊಟ್ಟೆಗೆ ಒದ್ದ. ಹೊಸ್ತಿಲಿಗೆ ಬಿದ್ದವರು ಏಳಲೆಂದು ಕೈಯೂರಿದರು. ಅಣ್ಣ ಶಟರಿನ ಹಿಡಿಕೆಗೆ ಜೋತುಬಿದ್ದು ಎಳೆದ. ಕಬ್ಬಿಣ ಕೈಯ ಮೇಲೆ ಇಳಿಯಿತು. ಹಸಿ ಕಟ್ಟಿಗೆ ಮುರಿದಂಥ ಸದ್ದು. ಶಟರನ್ನು ಮೇಲೆತ್ತಿ ಅಣ್ಣ ಇನ್ನೊಮ್ಮೆ ಎಳೆದ, ಈ ಸಲ ಅದರ ಕೆಳಪಟ್ಟಿಯ ಮೇಲೆ ಕಾಲಿಟ್ಟು ನಿಂತ. ಚಾಚಾ ಕೂಗಲಿಲ್ಲ, ಮೂಗಿನಿಂದ ಉಸಿರು ಬಿಡುತ್ತಿದ್ದರು, ಭಾರ ಎಳೆಯುವ ಎತ್ತಿನ ಹಾಗೆ. ಬೆರಳುಗಳ ಸಂದಿಯಿಂದ ರಕ್ತ ಮೆಟ್ಟಿಲಿಗೆ ಇಳಿದು, ಅಲ್ಲಿ ಗುಡಿಸಿಟ್ಟಿದ್ದ ಕೂದಲಿನಲ್ಲಿ ನಿಂತಿತು. ಅಣ್ಣನದೇ ಕೂದಲು.

ನಾನು ರಸ್ತೆಯಲ್ಲಿ ಬೈಕು ಹಿಡಿದು ನಿಂತಿದ್ದೆ. ಎಂಜಿನ್ ಬಂದ್ ಮಾಡಿರಲಿಲ್ಲ.

ಶಟರ್ ಜಾರಿ ಬಿತ್ತು ಎಂದು ಚಾಚಾ ಆಸ್ಪತ್ರೆಯಲ್ಲಿ ಬರೆಸಿದರಂತೆ. ಅಂದು ಸಂಜೆಯೇ ಅಣ್ಣ ಗೋವೆಯ ಕಡೆ ಹೋದವನು ಕೂದಲು ಬೆಳೆದ ಮೇಲೆ ಬಂದ. ವಾಚರ್‌ನ ಕೇಸು ಸಾಕ್ಷಿಯಿಲ್ಲದೆ ಬಿದ್ದುಹೋಯಿತು. ನಾನು ಧಾರವಾಡಕ್ಕೆ ಹೋಗಿ ಸಾಕ್ಷಿ, ಪ್ರಮಾಣ, ಇತಿಹಾಸ ಎಂದು ಬರೆದು ಪಾಸಾದೆ. ಚಾಚಾನ ಅಂಗಡಿಯ ಮುಂದೆ ಮತ್ತೆ ಹಾಯಲಿಲ್ಲ...

ಹಳಿಯಾಳದ ಸಲೂನಿನಲ್ಲಿ, ಹಿಂದೆ ಹಿಡಿದ ಕನ್ನಡಿಯನ್ನು ಅಣ್ಣ ಬಹಳ ಹೊತ್ತು ನೋಡಿದ. “ಏನ್ರಿ ಕಾಕಾ ಈ ಕಲಿ?” ಎಂದು ಸಲೂನಿನವನು ಕೇಳಿದ. ಅಣ್ಣ ಕನ್ನಡಿಯಲ್ಲೇ ನನ್ನನ್ನು ಹುಡುಕಿ ನಕ್ಕ.

“ಅವತ್ತ ಬ್ರಿಜ್ ಮ್ಯಾಲ ನೀ ಹೇಳದಿದ್ರ ನನಗ ಗೊತ್ತ ಆಗ್ತಿದ್ದಿಲ್ಲ ನೋಡು ತಮ್ಮಾ. ಹಂಗ ಪಾಳಾಕ್ಕ ಹೋಗಿ ಕುಂತಿರ್ತಿದ್ದೆ.”

“ನಾನಲ್ಲ. ಪಾನಂಗಡ್ಯಾಗ ಯಾರೋ ಅಂದ್ರು.”

“ಬೈಕ್ ಎಲ್ಲಿ ನಿಲ್ಲಿಸಿದ್ವಿ ಪಾನಂಗಡಿಗೆ? ನೀನ ಕಿವ್ಯಾಗ ಒದರಿದಿ. ‘ಚಾಚಾ ಬೇಕಂತ ಮಾಡ್ಯಾನ’ ಅಂದಿ. ಬೇಕಂತ ಅಂದದ್ದಕ್ಕ ನನಗ ತಲಿ ಕೆಟ್ಟದ್ದು.”

ಅಣ್ಣನ ನೆನಪೂ ನೆನಪೇ, ಅದನ್ನೂ ಅನುಮಾನಿಸಬಹುದು. ಮೂರು ರಾತ್ರಿ ಅದನ್ನೇ ಮಾಡಿದೆ. ಆದರೆ ‘ಬೇಕಂತ’ ಎಂಬುದು ಅಣ್ಣ ಹುಟ್ಟಿಸುವ ಮಾತಲ್ಲ. ಅವನು ಉದ್ದೇಶಗಳ ಬಗ್ಗೆ ಯೋಚಿಸಿದವನೇ ಅಲ್ಲ. ಆ ಕಟಿಂಗನ್ನು ನೋಡಿ ಅದರ ಅರ್ಥ ಓದಬಲ್ಲವನು ಆ ಬೈಕಿನ ಮೇಲೆ ಒಬ್ಬನೇ ಇದ್ದ. ಎಡಗೈ ಎಂದು ನಾನು ಯಾಕೆ ಹೇಳುತ್ತ ಬಂದೆ ಎಂಬುದೂ ಆಗ ಹೊಳೆಯಿತು. ಎಡಗೈ ಹೋದರೂ ಕತ್ತಿ ಹಿಡಿಯಬಹುದು.

ಹೋದ ತಿಂಗಳು ದಾಂಡೇಲಿಗೆ ಹೋದೆ. ಶಟರಿನ ಜಾಗದಲ್ಲಿ ಈಗ ಗಾಜಿನ ಬಾಗಿಲು. ಚಾಚಾನ ಮಗ ಅಂಗಡಿ ನಡೆಸುತ್ತಿದ್ದಾನೆ, ಅವನದೂ ನರೆತ ಗಡ್ಡ. ಹಳೆಯ ಗಿರಾಕಿ ಎಂದು ಹೇಳಿಕೊಂಡು ಕುರ್ಚಿಯಲ್ಲಿ ಕೂತೆ. ತನ್ನ ಅಬ್ಬಾ ತೀರಿಕೊಂಡು ಆರು ವರ್ಷವಾಯಿತು ಎಂದ. ಕತ್ತರಿಯ ಸದ್ದಿನ ನಡುವೆ ಕೇಳಿದೆ, ಅವರ ಯಾವ ಕೈಗೆ ಪೆಟ್ಟಾಗಿದ್ದು?

“ಬಲಗೈರೀ. ನಾಕೂ ಬೆರಳ ಮಡಚ್ತಿದ್ದಿಲ್ಲ. ಎಡಗೈಲೆ ಉಣ್ಣೂದು ನಮ್ಮಾಗ ಛಲೋ ಅಲ್ಲಲ್ರಿ, ಅದಕ್ಕ ಆಮ್ಯಾಲ ಯಾರ ದಾವತ್ತಿಗೂ ಹೋಗ್ಲಿಲ್ಲ. ನನ್ನ ಮದುವ್ಯಾಗೂ ಒಳಗ ಖೋಲ್ಯಾಗ ಒಬ್ರ ಕುಂತ ಉಂಡ್ರು.” ಕತ್ತರಿ ನಿಂತಿತು. “ನೀವ್ಯಾಕ ಕೇಳ್ತೀರಿ?”

ನಾನು ಗದ್ದವನ್ನು ಎದೆಗೆ ಒತ್ತಿ ಕೂತೆ. ಅವನು ಕಾದು ನೋಡಿ, ಕೆಲಸ ಮುಗಿಸಿ, ಕೈಗನ್ನಡಿ ತೆಗೆದು ನನ್ನ ತಲೆಯ ಹಿಂದೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹಿಡಿದ. ನಾನು ತಲೆಯಾಡಿಸುವವರೆಗೆ ಬಟ್ಟೆ ಬಿಚ್ಚಲಿಲ್ಲ.

ಅವನ ಮಾತೊಂದನ್ನೇ ನಂಬಿ ಬರೆಯುತ್ತಿಲ್ಲ. ಕನ್ನಡಿಯ ಪಕ್ಕದಲ್ಲಿ ಅವನ ಮದುವೆಯ ಫೋಟೊ ಇದೆ. ಏಳುವಾಗ ಹತ್ತಿರ ಹೋಗಿ ನೋಡಿದೆ. ಚಾಚಾನ ಎಡಗೈ ಮಗನ ಭುಜದ ಮೇಲಿದೆ. ಬಲಗೈ ಶೇರ್ವಾನಿಯ ಜೇಬಿನೊಳಗಿದೆ.