ಹೆಸರು ಕೇಳದೆ ಟ್ರಾಲಿ ಕದಲುವುದಿಲ್ಲ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಮೂರನೇ ವಾರ್ಡಿಗೆ ಟ್ರಾಲಿಯೊಂದು ಕಿರುಗುಟ್ಟುತ್ತ ಬರುತ್ತದೆ. ತಳ್ಳುತ್ತಿರುವವರಿಗೆ ಐವತ್ತೆಂಟು ವರ್ಷ, ಅಡ್ಡಹೆಸರು 'ಜನಗಣತಿ'. ಯಾರನ್ನೇ ಆಪರೇಷನ್ ಥಿಯೇಟರಿಗೆ ಒಯ್ಯಲಿ, ಹೆಸರೇನು, ವಯಸ್ಸೆಷ್ಟು, ಯಾವ ಆಪರೇಷನ್ನು, ಎಡವೋ ಬಲವೋ ಎಂದು ಪ್ರಾಣ ತಿನ್ನುತ್ತಾರೆ. ದಿನಕ್ಕೆ ಮೂವತ್ತು ಸಲ, ಇಪ್ಪತ್ತಾರು ವರ್ಷಗಳಿಂದ!

"ನೀವು ಇಂಥೋರಾ ಅಂತ ಕೇಳಬಾರ್ದು. ಹೆದರಿದೋರು ಏನ್ ಕೇಳಿದ್ರೂ ಹೂಂ ಅಂತಾರೆ. ಅವರ ಬಾಯಿಂದಲೇ ಹೆಸರು ಬರ್ಬೇಕು" ಎಂಬುದು ಇವರ ವಾದ. ಅದಕ್ಕೆ ಸಿಕ್ಕ ಬಹುಮಾನ ಒಂದು ನೋಟಿಸು: ಇನ್ನೊಮ್ಮೆ ಥಿಯೇಟರಿಗೆ ತಡವಾದರೆ ಕೆಲಸದಿಂದ ವಜಾ. "ಬಾಯಿಗೆ ಬೀಗ ಹಾಕ್ಕೊಂಡು ತಳ್ಳಿ, ನಿಮ್ಮ ದಮ್ಮಯ್ಯ" ಎಂದು ಹೆಂಡತಿ ಕೈಮುಗಿದಿದ್ದಾರೆ.

ಇಂದು ಏಳನೇ ಮಂಚ, ಪಿತ್ತಕೋಶದ ಕಲ್ಲು. ಇಲ್ಲಿ ಮಂಚದ ನಂಬರೇ ರೋಗಿಯ ಗುರುತು. ಕೈಗೆ ಕಟ್ಟುವ ಹೆಸರಿನ ಪಟ್ಟಿ ಮುಗಿದು ತಿಂಗಳಾಯಿತು. ಏಳರಲ್ಲಿದ್ದ ಅಜ್ಜ ಹೇಳುವ ಮೊದಲೇ ಟ್ರಾಲಿ ಹತ್ತಿ ಮಲಗಿದ್ದಾರೆ.

"ಹೆಸರು ಹೇಳಿ ಯಜಮಾನ್ರೇ."

"ಹೂಂ."

"ಏನ್ ಆಪರೇಷನ್ನು?"

"ಅದೇನ್ ಮಾಡ್ತಾರೋ ಮಾಡ್ಲಿ ಬಿಡಪ್ಪ."

ಗೋಡೆಯ ಫೋನು ಬಡಿದುಕೊಳ್ಳುತ್ತದೆ. ಡಾಕ್ಟರು ಕೈ ತೊಳೆದು ಕಾಯುತ್ತಿದ್ದಾರಂತೆ. "ಹೋಗಿ ಅಣ್ಣಾ, ನಿಮ್ಮ ಜೊತೆ ನನ್ನ ಕೆಲ್ಸಾನೂ ಹೋಗತ್ತೆ!" ಎಂದು ಸಿಸ್ಟರ್ ಕೂಗುತ್ತಾರೆ. ಜನಗಣತಿಯವರು ಗೋಡೆಯ ಗಡಿಯಾರ ನೋಡುತ್ತಾರೆ. ಆದರೂ, ಪುಣ್ಯಾತ್ಮ, ಟ್ರಾಲಿಯ ಬ್ರೇಕು ಒತ್ತಿ ಅಜ್ಜನ ಕಿವಿಗೆ ಬಾಯಿಟ್ಟು ಅರಚುತ್ತಾರೆ: "ಆಸ್ಪತ್ರೆಗೆ ಯಾಕೆ ಬಂದ್ರೀ?"

"ಕೆಮ್ಮು!"

ವಾರ್ಡಿಗೆ ವಾರ್ಡೇ ಗೊಳ್ಳೆನ್ನುತ್ತದೆ. ಹುಡುಕಿದರೆ, ಕಲ್ಲಿನ ಆಸಾಮಿ ಕೊನೆಯ ಮಂಚದಲ್ಲಿ ಮುಸುಕೆಳೆದು ಮಲಗಿದ್ದಾರೆ. ಫ್ಯಾನಿನ ಗಾಳಿಗಾಗಿ ನಿನ್ನೆ ಅಜ್ಜನೊಡನೆ ಮಂಚ ಬದಲಾಯಿಸಿಕೊಂಡಿದ್ದರಂತೆ. "ನನ್ನನ್ನ ಮರೆತೇಬಿಟ್ರು, ಬದುಕಿದೆ ಅಂದ್ಕೊಂಡೆ ಕಣ್ರೀ" ಎಂದು ಹಲ್ಲು ಕಿರಿಯುತ್ತಾರೆ.

ಸಿಸ್ಟರ್ ಮಾತ್ರ ನಗುತ್ತಿಲ್ಲ. ನಲವತ್ತು ರೋಗಿಗಳಿಗೆ ಅವರೊಬ್ಬರೇ. ಎರಡು ಪಾಳಿ ಸತತವಾಗಿ ದುಡಿದು ನಿಂತಲ್ಲೇ ತೂಕಡಿಸುತ್ತಿದ್ದಾರೆ. "ಇದನ್ನ ವಾರ್ಡಿನ ರಿಜಿಸ್ಟರಲ್ಲಿ ಬರೀಬೇಡಿ ಅಣ್ಣಾ" ಎನ್ನುವಾಗ ಕಣ್ಣು ತುಂಬಿದೆ. ಪಾಪ ಎನಿಸುತ್ತದೆ.

"ಬರೀಲೇಬೇಕು ತಾಯಿ. ನಿಮ್ಮ ತಪ್ಪು ಅಂತಲ್ಲ. ನಲವತ್ತು ಜನಕ್ಕೆ ಒಬ್ರೇ ಸಿಸ್ಟರ್, ಪಟ್ಟಿ ಇಲ್ಲ, ಅದಕ್ಕೇ ಹೀಗಾಯ್ತು ಅಂತ ನಾನೇ ಬರೀತೀನಿ."

ಬರೆದು ಸಹಿ ಹಾಕುತ್ತಾರೆ. ತಡವಾದ ಹನ್ನೊಂದು ನಿಮಿಷವನ್ನೂ ತಮ್ಮ ಕೈಯಾರೆ ನಮೂದಿಸುತ್ತಾರೆ. ಕೆಲಸ ಉಳಿಯುತ್ತದೋ ಇಲ್ಲವೋ, ಮೇಲಿನವರು ಇನ್ನೂ ಬಾಯಿಬಿಟ್ಟಿಲ್ಲ.

ನಿಮ್ಮ ಆಸೆ ಏನು ಎಂದರೆ ತಲೆ ಕೆರೆದುಕೊಳ್ಳುತ್ತಾರೆ. "ನಾನೂ ಒಂದಿನ ಈ ಟ್ರಾಲಿ ಮೇಲೆ ಮಲಗೋನೇ. ಅವತ್ತು ತಳ್ಳೋನು ನನ್ನ ಹೆಸ್ರು ಕೇಳಿದ್ರೆ ಸಾಕು."