ಕೆಮ್ಮಿಗೆ ಒಂದು ಚಮಚೆ

ನಮ್ಮ ಮನೆಯಲ್ಲಿ ಬ್ರಾಂಡಿಗೆ ಬ್ರಾಂಡಿ ಎನ್ನುತ್ತಿರಲಿಲ್ಲ, ಔಷಧ ಎನ್ನುತ್ತಿದ್ದೆವು. ಗಜೇಂದ್ರಗಡದ ಗುಡ್ಡದ ಗಾಳಿಗೆ ನನ್ನ ಮಗನಿಗೆ ಎಳವೆಯಿಂದಲೂ ಕೆಮ್ಮು. ಆರನೇ ವರ್ಷದಿಂದ ಪ್ರತಿ ಚಳಿಗಾಲ ನಾನೇ ಬಿಸಿನೀರಿಗೆ ಒಂದು ಚಮಚೆ ಬೆರೆಸಿ ಕುಡಿಸಿದ್ದೇನೆ. ನನ್ನ ತವರಿನಲ್ಲೂ ಹಾಗೇ ಮಾಡುತ್ತಿದ್ದರು. ಹನ್ನೊಂದನೇ ವರ್ಷಕ್ಕೆ ಅವನು ಸುಳ್ಳು ಸುಳ್ಳೇ ಕೆಮ್ಮಿ, ಗೋಡೆಗೂಡಿನ ಬಾಟಲಿ ತಾನೇ ತೆಗೆಯತೊಡಗಿದ. ಬೈಯಬೇಕಿತ್ತು. ಬದಲಿಗೆ, "ನನ್ನ ಮಗ ಎಷ್ಟ್ ಶಾಣ್ಯಾ ನೋಡ್ರಿ, ತನ್ನ ಔಷಧ ತಾನ ತಗೊಂತಾನ" ಎಂದು ಓಣಿಗೆಲ್ಲ ಹೇಳಿಕೊಂಡು ತಿರುಗಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ!

ಹದಿನಾರಕ್ಕೆ ಅವನು ಕುಡಿದು ಬಂದು ಬಾಗಿಲಲ್ಲೇ ಬಿದ್ದ. ನಾನು ಸೆರಗು ಸಿಕ್ಕಿಸಿಕೊಂಡು ಎದುರುಮನೆಗೆ ನುಗ್ಗಿದೆ. ಆ ಮನೆಯ ಹುಡುಗ ಇವನ ಜೀವದ ಗೆಳೆಯ. "ನಿನ್ನ ಮಗ ನನ್ನ ಮಗನ್ನ ಕೆಡಿಸ್ಯಾನ!" ಎಂದು ಅವನ ತಾಯಿಯ ಮೇಲೆ ಹರಿಹಾಯ್ದೆ. ಆಕೆ ಅತ್ತಳು. ಹದಿನಾಲ್ಕು ವರ್ಷ ನಾನು ಆಕೆಯ ಮುಖ ನೋಡಲಿಲ್ಲ.

ಹೋದ ತಿಂಗಳು ಮಗನ ಕಣ್ಣು ಹಳದಿಯಾದವು. ಚಹಾದ ಕಪ್ಪು ಹಿಡಿಯಲಾರದಷ್ಟು ಕೈ ನಡುಗತೊಡಗಿದವು. ರೋಣದ ದವಾಖಾನೆಗೆ ಕರೆದುಕೊಂಡು ಹೋದೆ.

"ಮೊದಲನೇ ಸಲ ಕುಡದದ್ದು ಎಷ್ಟನೇ ವಯಸ್ಸಿಗೆ?" ಡಾಕ್ಟರು ಕೇಳಿದರು.

"ಹದಿನಾರಕ್ರಿ. ಎದುರುಮನಿ ಹುಡುಗ ಕಲಿಸಿದ" ಎಂದೆ.

ಮಗ ತಲೆ ಎತ್ತಲಿಲ್ಲ. "ಅಲ್ರಿ. ಅಂವ ಇವತ್ತಿಗೂ ಮುಟ್ಟಂಗಿಲ್ಲ. ನಾ ಆರ ವರ್ಷದಾಂವ ಇದ್ದಾಗಿಂದ ಮನ್ಯಾಗ ಕೆಮ್ಮಿಗೆ ಬ್ರಾಂಡಿ ಕೊಡತಿದ್ರು. ಹನ್ನೊಂದಕ್ಕ ಅದು ಬೇಕ ಬೇಕ ಅನಸ್ತಿತ್ತು."

ಡಾಕ್ಟರು ನನ್ನ ಕಡೆ ತಿರುಗಿದರು. "ಸಣ್ಣ ವಯಸ್ಸಿನ್ಯಾಗ ಸುರು ಮಾಡಿದವರಿಗೆ ಮುಂದ ಚಟ ಹತ್ತೂದು ಜಾಸ್ತಿ ಇರತೈತ್ರಿ ಅವ್ವಾರ. ಎಲ್ಲಾರಿಗೂ ಹಂಗ ಆಗತೈತಿ ಅಂತಲ್ಲ." ಸಮಾಧಾನಕ್ಕೆ ಹೇಳಿದರು, ಖರೆ. ನನಗೆ ಮೊದಲಿನ ಮಾತಷ್ಟೇ ಕೇಳಿಸಿತು.

ಹೊರಗೆ ಬೆಂಚಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಮಗನೇ ಆ ನಡುಗುವ ಕೈಯಿಂದ ನನ್ನ ಬೆನ್ನು ಸವರಿದ. "ಅಳಬ್ಯಾಡಬೇ, ನಿನಗೇನ್ ಗೊತ್ತಿತ್ತು?" ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಮೆಲ್ಲಗೆ ಅಂದ: "ಒಂದ ಮಾತು ನಡಿಸಿಕೊಡಬೇ. ನನ್ನ ಮಗಳಿಗೆ ಕೆಮ್ಮ ಬಂದ್ರ ದವಾಖಾನಿಗೆ ಕರಕೊಂಡ ಹೋಗು. ಮನ್ಯಾಗ ನೀ ಏನೂ ಕುಡಸಬ್ಯಾಡ."

ಮೊಮ್ಮಗಳಿಗೆ ಈಗ ನಾಲ್ಕು ವರ್ಷ. ಈ ಚಳಿಗಾಲದಲ್ಲಿ ನಾನು ಅವಳಿಗೂ ಎರಡು ಸಲ ಆ ಔಷಧ ಕೊಟ್ಟಾಗಿತ್ತು.